ಆಟದ ರಾಜ್ಯ, ನಿಜವಾದ ಲೆಕ್ಕ



ರಾಜರ ಪಾಠ ನಾವು ಓದ್ತೀವಿ, ಪರೀಕ್ಷೆ ಮುಗಿದ ಮೇಲೆ ಮರೀತೀವಿ. ಅಮೆರಿಕದಲ್ಲಿ ಕೆಲವರು ಹಳೇ ಕಾಲವನ್ನು ಮಾಡಿಯೇ ಕಲಿಯೋಣ ಎಂದು ಒಂದು ಸಂಘ ಕಟ್ಟಿದರು. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ ಅದು ಶುರುವಾಯಿತು. ಅದರ ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ. ಇದರ ಸದಸ್ಯರು ಹಳೇ ಯುರೋಪಿನ ಉಡುಪು ಹೊಲಿಯುತ್ತಾರೆ, ಅಡುಗೆ ಮಾಡುತ್ತಾರೆ, ನೇಯುತ್ತಾರೆ, ಕವಚ ತೊಟ್ಟು ಬೆತ್ತದ ಕತ್ತಿಯಿಂದ ಕಾದಾಡುತ್ತಾರೆ.

ಈ ಸಂಘದಲ್ಲಿ 20 ರಾಜ್ಯಗಳಿವೆ. ಮೊದಲನೆಯದು ‘ವೆಸ್ಟ್’. ಯುರೋಪಿನದು ‘ಡ್ರಾಕನ್‌ವಾಲ್ಡ್’. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ‘ಲೊಖಾಕ್’. ಕಾಳಗದಲ್ಲಿ ಗೆದ್ದವರೇ ರಾಜ್ಯದ ಸಿಂಹಾಸನ ಏರುತ್ತಾರೆ. ಆದರೆ ಕೆಲವೇ ತಿಂಗಳು. ಆಮೇಲೆ ಮತ್ತೆ ಕಾಳಗ, ಹೊಸ ರಾಜ.

ರಾಜ್ಯದ ಕೆಳಗೆ ಊರಿನ ಶಾಖೆಗಳು ಹೀಗಿವೆ:

1. ಶೈರ್: ಚಿಕ್ಕ ಶಾಖೆ. ಕಡಿಮೆ ಎಂದರೂ 5 ಜನ ಸದಸ್ಯರು ಬೇಕು.
2. ಬ್ಯಾರನಿ: ದೊಡ್ಡ ಶಾಖೆ. 25 ಜನರಾದರೂ ಇರಬೇಕು. ರಾಜನ ಪರವಾಗಿ ಬ್ಯಾರನ್ ಅಥವಾ ಬ್ಯಾರನೆಸ್ ಇರುತ್ತಾರೆ.
3. ಕ್ಯಾಂಟನ್: ಬ್ಯಾರನಿಗೆ ಸೇರಿದ ಸಣ್ಣ ಶಾಖೆ.
4. ಕಾಲೇಜ್: ವಿದ್ಯಾರ್ಥಿಗಳ ಶಾಖೆ. ಸೈನಿಕರ ನೆಲೆಯಲ್ಲಿದ್ದರೆ ಅದಕ್ಕೆ ‘ಸ್ಟ್ರಾಂಗ್‌ಹೋಲ್ಡ್’ ಅಂತಾರೆ.

ಹಾಗಾದರೆ ಶಾಖೆ ನಡೆಸುವವರು ಯಾರು? ಕಿರೀಟ ಇಟ್ಟವರಲ್ಲ! ‘ಸೆನೆಶಲ್’ ಎಂಬುವರು. ಕಾನೂನಿನ ಪ್ರಕಾರ ಶಾಖೆಯ ಪರವಾಗಿ ನಿಲ್ಲುವವರು ಅವರೇ. ಮೈದಾನ ಗೊತ್ತುಮಾಡುವುದು, ಮೇಲಿನವರಿಗೆ ವರದಿ ಕಳಿಸುವುದು ಅವರ ಕೆಲಸ. ಹಣದ ಲೆಕ್ಕ ಇಡುವವರು ‘ಎಕ್ಸ್‌ಚೆಕರ್’. ಚೆಕ್ಕಿಗೆ ಒಬ್ಬರ ಸಹಿ ಸಾಲದು, ಇಬ್ಬರದು ಬೇಕು. ಕಾಳಗದಲ್ಲಿ ಯಾರಿಗೂ ಪೆಟ್ಟಾಗದಂತೆ ಕವಚ, ಆಯುಧ ಪರೀಕ್ಷಿಸುವವರು ‘ಮಾರ್ಷಲ್’. ಸದಸ್ಯರ ಹಳೇ ಕಾಲದ ಹೆಸರು, ಲಾಂಛನ ನೋಡಿಕೊಳ್ಳುವವರು ‘ಹೆರಾಲ್ಡ್’. ಹೊಸಬರಿಗೆ ದಾರಿ ತೋರಿಸುವವರು ‘ಚಾಟೆಲೈನ್’. ಶಾಖೆಯ ಪತ್ರಿಕೆ ತರುವವರು ‘ಕ್ರಾನಿಕ್ಲರ್’, ಅಂದರೆ ನಮ್ಮ ಗೋಡೆ ಪತ್ರಿಕೆಯ ಸಂಪಾದಕರ ಹಾಗೆ.

ಇಲ್ಲೊಂದು ಮಾತು ಗಮನಿಸಿ. ರಾಜ ಬದಲಾದರೂ ಶಾಖೆ ನಡೆಯುತ್ತದೆ. ಆದರೆ ಲೆಕ್ಕ ಬರೆಯುವವರು, ವರದಿ ಕಳಿಸುವವರು ಸಿಗದಿದ್ದರೆ ಶಾಖೆ ಉಳಿಯುವುದೇ ಕಷ್ಟ. ಆಟ ಹಳೇ ಕಾಲದ್ದು, ಹಣ ಮಾತ್ರ ಇವತ್ತಿನದು!

ನಮ್ಮ ಶಾಲಾ ಮಂತ್ರಿಮಂಡಲದಲ್ಲೂ ನೋಡಿ. ಮುಖ್ಯಮಂತ್ರಿ ಆಗಲು ಹತ್ತು ಜನ ಕೈ ಎತ್ತುತ್ತಾರೆ. ಚೆಂಡು ಎಣಿಸಿ ಪೆಟ್ಟಿಗೆಗೆ ಹಾಕಲು ಒಬ್ಬರೂ ಇಲ್ಲ. ಅದಕ್ಕೇ ಆಟದ ಸಾಮಾನು ಒಂದೊಂದೇ ಕಳೆದುಹೋಗ್ತಾ ಇದೆ. ಮುಂದಿನ ಮಂತ್ರಿಮಂಡಲ ಮಾಡುವಾಗ ಮೊದಲು ಲೆಕ್ಕ ಇಡುವವರನ್ನು ಆರಿಸೋಣ, ಆಮೇಲೆ ಮುಖ್ಯಮಂತ್ರಿಯನ್ನು. ಏನಂತೀರಿ?

ಉತ್ತರ ಹೇಳಿ:
1. ಶೈರ್‌ಗೂ ಬ್ಯಾರನಿಗೂ ಏನು ವ್ಯತ್ಯಾಸ?
2. ಚೆಕ್ಕಿಗೆ ಇಬ್ಬರ ಸಹಿ ಯಾಕೆ ಬೇಕು?

– 7ನೇ ತರಗತಿ ವಿದ್ಯಾರ್ಥಿ