ನಿದ್ರಾಭಂಗವು ಚಿತ್ರಹಿಂಸೆಯೆ?

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ಆದರೆ ಒಬ್ಬನ ನಿದ್ದೆಯನ್ನು ಇನ್ನೊಬ್ಬರು ಬೇಕೆಂದೇ ಕಸಿದುಕೊಂಡರೆ ಅದನ್ನು ಏನೆಂದು ಕರೆಯಬೇಕು? ಇಲ್ಲಿ ಹೊಡೆತವಿಲ್ಲ, ರಕ್ತವಿಲ್ಲ, ಮೈಮೇಲೆ ಒಂದು ಬಾಸುಂಡೆಯೂ ಇಲ್ಲ. ಹೀಗಿದ್ದರೂ ಇದು ಚಿತ್ರಹಿಂಸೆಯೆನಿಸೀತೆ? ನ್ಯಾಯಾಲಯಗಳೇ ಈ ವಿಷಯದಲ್ಲಿ ಒಮ್ಮತಕ್ಕೆ ಬರಲಾರದೆ ಹೋಗಿರುವುದರಿಂದ ಇದು ವಿಚಾರಾರ್ಹವಾದ ಪ್ರಶ್ನೆಯೆಂದು ನನಗೆ ತೋರಿದೆ.

ಮೊದಲಿಗೆ ನನ್ನ ಗೆಳೆಯರು ಎತ್ತುವ ಆಕ್ಷೇಪವೊಂದನ್ನು ನೋಡೋಣ. ಶಿವರಾತ್ರಿಯಂದು ಜಾಗರಣೆ ಮಾಡುತ್ತೇವೆ. ಬಯಲಾಟದ ಮುಂದೆ ಬೆಳಗಿನ ಜಾವದವರೆಗೆ ಕೂರುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿಯ ಮಾತಂತೂ ಹೇಳಬೇಕಾಗಿಯೇ ಇಲ್ಲ! ಅಮೆರಿಕದ ಸ್ಯಾನ್ ಡಿಯೇಗೊ ನಗರದ ಹದಿನೇಳು ವರ್ಷದ ವಿದ್ಯಾರ್ಥಿಯೊಬ್ಬನು ವಿಜ್ಞಾನ ಪ್ರಯೋಗಕ್ಕೆಂದು 264 ಗಂಟೆಗಳ ಕಾಲ ಎಚ್ಚರವಿದ್ದು 1964ರ ಜನವರಿಯಲ್ಲಿ ಪ್ರಸಿದ್ಧನಾದನು. ಅವನಿಗಾರೂ ಚಿತ್ರಹಿಂಸೆ ಕೊಟ್ಟರೆಂದು ಹೇಳಲಿಲ್ಲ. ನಿಜ. ಆದರೆ ಅವನು ಬೇಕೆಂದಾಗ ಮಲಗಬಹುದಾಗಿತ್ತು. ಜಾಗರಣೆಯ ಭಕ್ತನೂ ಅಷ್ಟೆ. ಸಂಕೋಲೆಯಲ್ಲಿರುವವನಿಗೆ ಆ ಸ್ವಾತಂತ್ರ್ಯವಿಲ್ಲ. ತನ್ನ ಎಚ್ಚರವು ಯಾವಾಗ ಮುಗಿಯುವುದೆಂಬುದೂ ಅವನಿಗೆ ತಿಳಿಯದು. ಆದ್ದರಿಂದ ಗಂಟೆಗಳ ಲೆಕ್ಕದಿಂದ ಮಾತ್ರ ಈ ಪ್ರಶ್ನೆ ಬಗೆಹರಿಯುವುದಿಲ್ಲ.

ಈ ವಿಧಾನವು ಹೊಸದೇನೂ ಅಲ್ಲ. 1645ರಿಂದ 1647ರವರೆಗೆ ಇಂಗ್ಲೆಂಡಿನ ಪೂರ್ವ ಪ್ರಾಂತಗಳಲ್ಲಿ ಮಾಟಗಾತಿಯರನ್ನು ಹುಡುಕುತ್ತ ತಿರುಗಿದ ಮ್ಯಾಥ್ಯೂ ಹಾಪ್ಕಿನ್ಸ್ ಎಂಬಾತನು ಬಡ ಮುದುಕಿಯರನ್ನು ರಾತ್ರಿಯಿಡೀ ಎಚ್ಚರವಾಗಿರಿಸಿ, ನಡೆದಾಡಿಸಿ, ಅವರ ಬಾಯಿಂದ ತಪ್ಪೊಪ್ಪಿಗೆ ಹೊರಡಿಸುತ್ತಿದ್ದನು. ಮೈಗೆ ಹಿಂಸೆ ಕೊಟ್ಟು ಹೇಳಿಕೆ ಪಡೆಯುವುದನ್ನು ಆ ದೇಶದ ನ್ಯಾಯಪದ್ಧತಿಯು ಒಪ್ಪುತ್ತಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಗುರುತು ಬಿಡದ ಉಪಾಯವೆಂದೇ ಇದನ್ನು ಆರಿಸಿಕೊಂಡಂತಿದೆ. ಸ್ಟಾಲಿನ್ನನ ಕಾಲದ ಸೋವಿಯತ್ ಪೊಲೀಸರು ಸರದಿಯ ಮೇಲೆ ಅಧಿಕಾರಿಗಳನ್ನು ಬದಲಾಯಿಸುತ್ತ, ಕೈದಿಯನ್ನು ಮಾತ್ರ ಬದಲಾಯಿಸದೆ, ಹಗಲಿರುಳು ಪ್ರಶ್ನಿಸುತ್ತಿದ್ದರು. 1944ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದ ಆಷ್‌ಕ್ರಾಫ್ಟ್ ಮೊಕದ್ದಮೆಯಲ್ಲಿಯೂ ಇದೇ ಕಥೆ: ಟೆನೆಸೀ ರಾಜ್ಯದ ಅಧಿಕಾರಿಗಳು ಆತನನ್ನು 36 ಗಂಟೆಗಳ ಕಾಲ ಬಿಡುವಿಲ್ಲದೆ ಪ್ರಶ್ನಿಸಿದ್ದರು. ಹಾಗೆ ಪಡೆದ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆ ನಿಲ್ಲದೆಂದು ಕೋರ್ಟು ತೀರ್ಮಾನಿಸಿತು.

ನಮ್ಮ ಪ್ರಶ್ನೆಗೆ ಅತ್ಯಂತ ಮುಖ್ಯವಾದುದು ಉತ್ತರ ಐರ್ಲೆಂಡಿನ ಪ್ರಕರಣ. 1971ರಲ್ಲಿ ಅಲ್ಲಿ ವಿಚಾರಣೆಯಿಲ್ಲದೆ ಬಂಧಿತರಾದವರ ಪೈಕಿ 14 ಮಂದಿಯ ಮೇಲೆ ಐದು ವಿಧಾನಗಳನ್ನು ಒಟ್ಟಾಗಿ ಪ್ರಯೋಗಿಸಲಾಯಿತು. ಗೋಡೆಗೆ ಕೈಕೊಟ್ಟು ಗಂಟೆಗಟ್ಟಲೆ ನಿಲ್ಲಿಸುವುದು, ತಲೆಗೆ ಕಪ್ಪು ಚೀಲ ಹಾಕುವುದು, ಎಡೆಬಿಡದ ಕರ್ಕಶ ಸದ್ದು, ಅನ್ನಪಾನಗಳ ಕೊರತೆ, ಮತ್ತು ನಿದ್ರಾಭಂಗ. ಐರಿಷ್ ಸರ್ಕಾರವು ಬ್ರಿಟನ್ನಿನ ವಿರುದ್ಧ ದೂರು ಕೊಟ್ಟಿತು. 1976ರಲ್ಲಿ ಯೂರೋಪಿನ ಮಾನವ ಹಕ್ಕುಗಳ ಆಯೋಗವು ಇದು ಚಿತ್ರಹಿಂಸೆಯೇ ಎಂದು ಒಕ್ಕೊರಲಿನಿಂದ ಹೇಳಿತು. ಆದರೆ 1978ರ ಜನವರಿ 18ರಂದು ಅಲ್ಲಿನ ನ್ಯಾಯಾಲಯವು ಇದು ಅಮಾನುಷ ಮತ್ತು ಹೀನಾಯ ವರ್ತನೆಯೆಂದು ಒಪ್ಪಿಯೂ, ಚಿತ್ರಹಿಂಸೆಯೆಂಬ ಮಾತು ಸೂಚಿಸುವಷ್ಟು ತೀವ್ರ ಯಾತನೆ ಇದರಲ್ಲಿಲ್ಲವೆಂದು 13ಕ್ಕೆ 4 ಮತಗಳಿಂದ ತೀರ್ಪಿತ್ತಿತು. ಯಾತನೆಯನ್ನು ಹೀಗೆ ತಕ್ಕಡಿಯಲ್ಲಿಟ್ಟು ತೂಗಬಹುದೆ ಎಂಬುದು ನನ್ನ ಸಂದೇಹ. ಪರಿಣಾಮವಂತೂ ಸಣ್ಣದಾಗಲಿಲ್ಲ. 2002ರ ಅನಂತರ ಅಮೆರಿಕದ ಸರ್ಕಾರಿ ವಕೀಲರು ತಮ್ಮ ಗುಪ್ತಚರ ಇಲಾಖೆಯ ವಿಧಾನಗಳನ್ನು ಸಮರ್ಥಿಸಲು ಈ ತೀರ್ಪನ್ನೇ ಆಧಾರವಾಗಿ ತೋರಿಸಿದರು. 2005ರ ಅವರ ಟಿಪ್ಪಣಿಯು 180 ಗಂಟೆಗಳವರೆಗಿನ, ಅಂದರೆ ಏಳೂವರೆ ದಿನಗಳ, ನಿದ್ರಾಭಂಗಕ್ಕೆ ಅನುಮತಿ ನೀಡಿತು. ಕೈದಿಗಳನ್ನು ಸರಪಳಿ ಬಿಗಿದು ನಿಲ್ಲಿಸಲಾಗುತ್ತಿತ್ತು. ಕನಿಷ್ಠ ಐವರಿಗೆ ಭ್ರಮೆಗಳುಂಟಾದುವೆಂದೂ, ಇಬ್ಬರ ವಿಷಯದಲ್ಲಿ ಆಮೇಲೂ ಅದನ್ನು ಮುಂದುವರಿಸಲಾಯಿತೆಂದೂ ಆ ದೇಶದ ಸೆನೆಟ್ ಸಮಿತಿಯ 2014ರ ವರದಿ ಹೇಳುತ್ತದೆ. ಬ್ರಿಟನ್ನಿನ ಸುಪ್ರೀಂ ಕೋರ್ಟಾದರೋ 2021ರಲ್ಲಿ, 1971ರ ಆ ಕೃತ್ಯಗಳನ್ನು ಇಂದಿನ ಮಾನದಂಡದಿಂದ ನೋಡಿದರೆ ಚಿತ್ರಹಿಂಸೆಯೆಂದೇ ಎಣಿಸುವ ಸಂಭವವಿದೆಯೆಂದು ಅಭಿಪ್ರಾಯಪಟ್ಟಿತು.

ಸತ್ಯ ಹೊರಬೀಳುವುದಾದರೆ ಒಂದೆರಡು ರಾತ್ರಿ ನಿದ್ದೆಗೆಡಿಸಿದರೇನು ಎಂದು ಕೇಳುವವರೂ ಉಂಟು. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದು ಇವರಿಗೆ ಉತ್ತರವಾಗಿದೆ. 88 ಮಂದಿಯಲ್ಲಿ ಕೆಲವರನ್ನು ಮಲಗಲು ಬಿಟ್ಟು, ಉಳಿದವರನ್ನು ಇಡೀ ರಾತ್ರಿ ಎಚ್ಚರವಿರಿಸಿ, ಬೆಳಗಾದ ಮೇಲೆ ಅವರು ಒತ್ತದೇ ಇದ್ದ ಕಂಪ್ಯೂಟರಿನ ಕೀಲಿಯೊಂದನ್ನು ಒತ್ತಿದೆನೆಂದು ಬರೆದ ಹೇಳಿಕೆಗೆ ಸಹಿ ಕೇಳಲಾಯಿತು. ಮೊದಲ ಸಲ ಕೇಳಿದಾಗಲೇ ಮಲಗಿದ್ದವರಲ್ಲಿ ನೂರಕ್ಕೆ 18 ಮಂದಿಯೂ, ನಿದ್ದೆಗೆಟ್ಟವರಲ್ಲಿ ನೂರಕ್ಕೆ 50 ಮಂದಿಯೂ ಸಹಿ ಹಾಕಿದರು. ಒಂದೇ ರಾತ್ರಿ! ಹಾಪ್ಕಿನ್ಸನಿಗೆ ಅಷ್ಟೊಂದು ಮಾಟಗಾತಿಯರು ಹೇಗೆ ದೊರೆತರೆಂಬುದು ಇದರಿಂದ ಅರ್ಥವಾಗುತ್ತದೆ.

ವಿಶ್ವಸಂಸ್ಥೆಯ 1984ರ ಒಡಂಬಡಿಕೆಯ ಪ್ರಕಾರ, ಅಧಿಕಾರಿಯೊಬ್ಬನು ಹೇಳಿಕೆ ಪಡೆಯುವುದೇ ಮೊದಲಾದ ಉದ್ದೇಶದಿಂದ, ಬೇಕೆಂದೇ ಉಂಟುಮಾಡುವ ತೀವ್ರವಾದ ದೈಹಿಕ ಅಥವಾ ಮಾನಸಿಕ ಯಾತನೆಯೇ ಚಿತ್ರಹಿಂಸೆ. ಮಾನಸಿಕ ಎಂಬ ಮಾತು ಅಲ್ಲಿರುವಾಗ ಬಾಸುಂಡೆಯ ಪ್ರಶ್ನೆ ಏಳುವುದೇ ಇಲ್ಲ. ವಿಚಾರಣೆ ತಡವಾಗಿ ಒಂದು ರಾತ್ರಿ ನಿದ್ದೆ ಕೆಟ್ಟರೆ ಅದು ಬೇರೆ. ಮನಸ್ಸನ್ನು ಮುರಿಯಲೆಂದೇ ದಿನಗಟ್ಟಲೆ ಕೆಡಿಸಿದರೆ ಅದು ಬೇರೆ. ಇಸ್ರೇಲಿನ ಸುಪ್ರೀಂ ಕೋರ್ಟು 1999ರಲ್ಲಿ ಬಹುಮಟ್ಟಿಗೆ ಈ ಭೇದವನ್ನೇ ಮಾಡಿತು. ಎರಡನೆಯದು ಚಿತ್ರಹಿಂಸೆಯೆಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ದೇಶದ ವಿಚಾರಕ್ಕೆ ಬಂದರೆ, ರಾಮಲೀಲಾ ಮೈದಾನದಲ್ಲಿ ಮಲಗಿದ್ದವರನ್ನು ನಡುರಾತ್ರಿ ಪೊಲೀಸರು ಎಬ್ಬಿಸಿ ಚದುರಿಸಿದ ಪ್ರಕರಣದಲ್ಲಿ, ನಿದ್ರೆಯು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು 2012ರಲ್ಲಿ ನ್ಯಾಯಮೂರ್ತಿ ಬಿ. ಎಸ್. ಚೌಹಾಣರು ಬರೆದರು. ಮೇಲೆ ಹೇಳಿದ ಒಡಂಬಡಿಕೆಗೆ ಭಾರತವು 1997ರಲ್ಲಿ ಸಹಿ ಹಾಕಿತು. ಅದನ್ನು ಸ್ಥಿರೀಕರಿಸಬೇಕೆಂದು ಕಾನೂನು ಆಯೋಗವು 2017ರಲ್ಲಿ ಶಿಫಾರಸು ಮಾಡಿ, ಮಸೂದೆಯ ಕರಡನ್ನೂ ಜೊತೆಗಿಟ್ಟಿತು. ಅದಿನ್ನೂ ಕಾಯಿದೆಯಾಗಿಲ್ಲ.