ಸಿಗಡಿಯ ಮೀಸೆ

ಮುಂಬಯಿಯ ಮೀನುಪೇಟೆಯಲ್ಲಿ ಬುಟ್ಟಿ ತುಂಬಿದ ಸಿಗಡಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಮೂಗು ಮುಚ್ಚಿಕೊಂಡು ಓಡುವವರೂ ಒಮ್ಮೆ ನಿಂತು ಅವುಗಳ ತಲೆಯನ್ನು ನೋಡಬೇಕು. ಮುರಿಯದೆ ಉಳಿದಿದ್ದರೆ, ಮೈಗಿಂತಲೂ ಉದ್ದವಾದ ಎರಡು ಎಳೆಗಳು ಅಲ್ಲಿ ಜೋತಾಡುತ್ತಿರುತ್ತವೆ. ಇವೇ ಕುಡಿಮೀಸೆಗಳು. ಇವುಗಳ ನಡುವೆ ಗಿಡ್ಡನೆಯ, ಕವಲೊಡೆದ ಇನ್ನೊಂದು ಜೊತೆಯೂ ಉಂಟು. ಜಿರಲೆಯೇ ಮೊದಲಾದ ಕೀಟಗಳಿಗೆ ಒಂದೇ ಜೊತೆ ಮೀಸೆ. ಸಿಗಡಿ, ಏಡಿ ಮುಂತಾದ ಕಠಿಣಚರ್ಮಿಗಳಿಗೆ ಎರಡು ಜೊತೆ.

ಮನುಷ್ಯನ ಮೀಸೆ ಅಲಂಕಾರಕ್ಕಾದರೆ ಇವುಗಳ ಮೀಸೆ ಪ್ರಾಣರಕ್ಷಣೆಗೆ. ಕದಡಿದ ನೀರಿನಲ್ಲಿ, ಅದರಲ್ಲಿಯೂ ಇರುಳಿನಲ್ಲಿ, ಕಣ್ಣನ್ನೇ ನಂಬಿ ಬಾಳಲಾಗದು. ಉದ್ದನೆಯ ಮೀಸೆ ಸುತ್ತಲಿನದನ್ನು ಮುಟ್ಟಿ ತಿಳಿಯುತ್ತದೆ. ಗಿಡ್ಡ ಮೀಸೆಯ ನವಿರಾದ ಕೂದಲುಗಳು ನೀರಿನಲ್ಲಿ ಕರಗಿ ಬರುವ ಆಹಾರದ ವಾಸನೆಯನ್ನು ಗ್ರಹಿಸುತ್ತವೆ. ಸಿಗಡಿಯ ದೊಡ್ಡ ಬಂಧುವಾದ ಲಾಬ್‌ಸ್ಟರ್ ಈ ಮೀಸೆಯನ್ನು ಆಗಾಗ ಥಟ್ಟನೆ ಬೀಸುವುದುಂಟು. ಆ ವೇಗಕ್ಕೆ ಕೂದಲುಗಳ ನಡುವೆ ಹೊಸ ನೀರು ನುಗ್ಗುತ್ತದೆ. ಮೆಲ್ಲನೆ ಹಿಂದಕ್ಕೆ ತರುವಾಗ ಆ ನೀರು ಅಲ್ಲಿಯೇ ನಿಲ್ಲುತ್ತದೆ. ಇದು ಮೀಸೆಯಿಂದ ಮೂಸುವುದೇ ಅಲ್ಲವೇ?

ಇದೇ ವರ್ಗದ ಕೋಪಿಪಾಡ್‌ಗಳು ಬಹಳ ಚಿಕ್ಕವು. ಹೆಚ್ಚಿನವು ಒಂದೆರಡು ಮಿಲಿಮೀಟರ್ ಉದ್ದ. ಮೀನು ಬಾಯಿ ತೆರೆದು ಸಮೀಪಿಸಿದಾಗ ನೀರು ಅಲುಗಿ ಇವುಗಳ ಮೀಸೆಯ ಕೂದಲು ಬಾಗುತ್ತದೆ. ಸೆಕೆಂಡಿನ ನೂರನೆಯ ಒಂದಂಶ ಕಳೆಯುವುದರೊಳಗೆ ಅನೇಕ ಜಾತಿಯ ಕೋಪಿಪಾಡ್‌ಗಳು ಜಿಗಿದಿರುತ್ತವೆ. ತಡವಾದರೆ ಮೀನಿಗೆ ತುತ್ತು.

ಇನ್ನೊಂದು ಸೋಜಿಗ ಸಿಗಡಿಯ ಗಿಡ್ಡ ಮೀಸೆಯ ಬುಡದಲ್ಲಿದೆ. ಅಲ್ಲೊಂದು ಪುಟ್ಟ ಗೂಡು. ಅದರೊಳಗೆ ಮರಳಿನ ಕಣಗಳು. ಮೈ ವಾಲಿದಾಗ ಕಣಗಳು ಒಳಗಿನ ಕೂದಲುಗಳನ್ನು ಒತ್ತಿ, ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ತಿಳಿಸುತ್ತವೆ. ಹಳೆಯ ಕವಚವನ್ನು ಕಳಚಿದಾಗ ಈ ಮರಳೂ ಅದರೊಡನೆ ಹೋಗುತ್ತದೆ. ಸಿಗಡಿ ಹೊಸ ಮರಳನ್ನು ತುಂಬಿಕೊಳ್ಳಬೇಕು. ವಿಯೆನ್ನಾದ ವಿಜ್ಞಾನಿ ಅಲೋಯಿಸ್ ಕ್ರೈಡ್ಲ್ ಇದನ್ನೇ ಉಪಾಯವಾಗಿ ಬಳಸಿಕೊಂಡರು. ಆಗತಾನೆ ಕವಚ ಕಳಚಿದ ಸಿಗಡಿಗಳಿಗೆ ಮರಳಿನ ಬದಲು ಕಬ್ಬಿಣದ ಪುಡಿಯನ್ನು ಒದಗಿಸಿದರು. ಪಾಪ, ಅವು ಅದನ್ನೇ ತುಂಬಿಕೊಂಡವು! ಬಳಿಕ ಮೇಲಿನಿಂದ ಅಯಸ್ಕಾಂತವನ್ನು ಹಿಡಿದಾಗ ಪುಡಿಯು ಮೇಲಕ್ಕೆ ಸೆಳೆಯಲ್ಪಟ್ಟಿತು. ಮೇಲನ್ನೇ ಕೆಳಗೆಂದು ಬಗೆದು ಸಿಗಡಿ ಅಂಗಾತವಾಗಿ ತಿರುಗಿತು. ಈ ಪ್ರಯೋಗ 1893ರಲ್ಲಿ ಪ್ರಕಟವಾಯಿತು. ಅದುವರೆಗೆ ಅನೇಕ ಪಂಡಿತರು ಆ ಗೂಡನ್ನು ಸಿಗಡಿಯ ಕಿವಿಯೆಂದೇ ತಿಳಿದಿದ್ದರು.