ಗುಡ್ಡಗಾಡು ಸೈಕಲ್ಲು ಕೊಳ್ಳುವಾಗ ಫ್ರೇಮಿನ ಅಳತೆ ನೋಡುವ ಕ್ರಮ



ಕಾಫಿ, ಅಡಿಕೆಗೆ ಮೀಸಲಾದ ಈ ಪುಟಗಳಲ್ಲಿ ಸೈಕಲ್ಲಿನ ಪಾಠವೇಕೆ ಎಂದು ಕೆಲವರು ಕೇಳಬಹುದು. ತೋಟದ ಮಣ್ಣುರಸ್ತೆಯ ಓಡಾಟಕ್ಕೆ, ಮಕ್ಕಳು ಕಾಲೇಜಿಗೆ ಹೋಗಿಬರುವುದಕ್ಕೆ, ಮೌಂಟನ್ ಬೈಕ್ ಎನ್ನುವ ದಪ್ಪ ಟೈರಿನ ಗೇರ್ ಸೈಕಲ್ಲನ್ನು ಈಗ ನಮ್ಮ ಮನೆಗಳಲ್ಲೂ ಕೊಳ್ಳುತ್ತಿದ್ದೇವೆ. ಕೊಳ್ಳುವಾಗ ಬಣ್ಣ ನೋಡುತ್ತೇವೆ, ಗೇರು ಎಣಿಸುತ್ತೇವೆ, ಫ್ರೇಮಿನ ಅಳತೆ ಮಾತ್ರ ಕೇಳುವುದಿಲ್ಲ. ಆದರೆ ಟೈರು, ಸೀಟು, ಬ್ರೇಕುಗಳನ್ನು ಆಮೇಲೆ ಬದಲಾಯಿಸಬಹುದು, ಫ್ರೇಮನ್ನು ಬದಲಾಯಿಸಲಾಗದು. ಅಡಿಕೆ ಸಸಿ ನೆಟ್ಟ ಮೇಲೆ ಗೊಬ್ಬರ, ನೀರು ಹೆಚ್ಚುಕಡಿಮೆ ಮಾಡಬಹುದೇ ಹೊರತು ಸಾಲಿನ ಅಂತರ ತಿದ್ದಲು ಬರುತ್ತದೆಯೇ? ಇದೂ ಹಾಗೆಯೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಲೆನಾಡಿನ ಬೆಳೆಗಾರರೊಬ್ಬರ ಮಗ ಬಂಗಾರಪೇಟೆಯಲ್ಲಿ ರೂಮು ಮಾಡಿಕೊಂಡು, ಕೆ.ಜಿ.ಎಫ್.ನ ಊರಿಗಾಂನಲ್ಲಿರುವ ಇಂಜಿನಿಯರಿಂಗ್ ಕಾಲೇಜಿಗೆ ಹೋಗುತ್ತಾನೆ ಎನ್ನೋಣ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಗಣಿಗಳಿಗಾಗಿ 1894ರಲ್ಲಿ ಹಾಕಿದ 16 ಕಿ.ಮೀ. ರೈಲುದಾರಿ ಇದೆ. ಆದರೆ ರೈಲಿನ ಹೊತ್ತಿಗೂ ತರಗತಿಯ ಹೊತ್ತಿಗೂ ಹೊಂದದ ದಿನ ಸೈಕಲ್ಲು ಬೇಕು. ಹುಡುಗ 5 ಅಡಿ 6 ಅಂಗುಲ ಎತ್ತರ. ತಂದೆ ಅಂಗಡಿಗೆ ಹೋಗಿ ಏನು ಕೇಳಬೇಕು?

ಚಕ್ರದ ಅಳತೆ ಬೇರೆ, ಫ್ರೇಮಿನ ಅಳತೆ ಬೇರೆ

ಹಿಂದೆ ನಾವು 22 ಇಂಚು, 24 ಇಂಚು ಸೈಕಲ್ಲು ಎನ್ನುತ್ತಿದ್ದುದು ಫ್ರೇಮಿನ ಅಳತೆ. ಎರಡಕ್ಕೂ ಚಕ್ರ 28 ಇಂಚಿನದೇ. ಈಗ ಅಂಗಡಿಯವರು ಹೇಳುವ 26, 27.5, 29 ಎಂಬ ಅಂಕಿಗಳು ಚಕ್ರದ್ದು. ಹಳೆಯ ರೂಢಿಯಲ್ಲಿ ಇದನ್ನೇ ಫ್ರೇಮಿನ ಅಳತೆ ಎಂದುಕೊಂಡು ಮೋಸಹೋಗುವವರು ಬಹಳ. 29 ಇಂಚು ಚಕ್ರದ ಸೈಕಲ್ಲಿನಲ್ಲೂ ಗಿಡ್ಡನೆಯವರಿಗೆ ಒಪ್ಪುವ ಫ್ರೇಮು ಇರುತ್ತದೆ.

ಪೆಡಲು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಕೊಳವೆಯ ಮೇಲಿನ ತುದಿಯವರೆಗಿನ ಉದ್ದವೇ ಫ್ರೇಮಿನ ಅಳತೆ. ಗುಡ್ಡಗಾಡು ಸೈಕಲ್ಲುಗಳಲ್ಲಿ ಇದು ಸಾಮಾನ್ಯವಾಗಿ 14ರಿಂದ 21 ಇಂಚು. ಕೆಲವರು ಸಣ್ಣದು, ಮಧ್ಯಮ, ದೊಡ್ಡದು ಎಂದಷ್ಟೇ ಗುರುತು ಹಾಕುತ್ತಾರೆ. ಒಂದು ಕಂಪೆನಿಯ ಮಧ್ಯಮ ಇನ್ನೊಂದರ ಮಧ್ಯಮಕ್ಕೆ ಸರಿಹೋಗಬೇಕೆಂದಿಲ್ಲ. ಆದ್ದರಿಂದ ಇಂಚಿನಲ್ಲೇ ಕೇಳತಕ್ಕದ್ದು.

ಮನೆಯಲ್ಲಿ ಅಳೆಯುವ ಕ್ರಮ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಸ್ವಲ್ಪ ಅಂತರ ಬಿಟ್ಟು ನಿಲ್ಲಬೇಕು. ದಪ್ಪ ಪುಸ್ತಕವೊಂದನ್ನು ತೊಡೆಗಳ ಸಂದಿನಲ್ಲಿ, ಸೀಟಿನ ಮೇಲೆ ಕುಳಿತಷ್ಟೇ ಒತ್ತಾಗಿ, ಮೇಲಕ್ಕೆ ಹಿಡಿಯಬೇಕು. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಇನ್ನೊಬ್ಬರು ಟೇಪಿನಲ್ಲಿ ಅಳೆಯಬೇಕು. ಇದು ಒಳಗಾಲಿನ ಉದ್ದ. ಸೆಂಟಿಮೀಟರಿನಲ್ಲಿ ಬಂದ ಅಂಕಿಯನ್ನು 0.226ರಿಂದ ಗುಣಿಸಿದರೆ ಫ್ರೇಮಿನ ಅಳತೆ ಇಂಚಿನಲ್ಲಿ ಸಿಗುತ್ತದೆ.

ನಮ್ಮ ಹುಡುಗನ ಒಳಗಾಲು 76 ಸೆಂ.ಮೀ. ಇದ್ದರೆ 17.2, ಅಂದರೆ 17 ಇಂಚಿನ ಫ್ರೇಮು. ಅಷ್ಟೇ ಎತ್ತರದ ಗೆಳೆಯನ ಒಳಗಾಲು 72 ಸೆಂ.ಮೀ. ಇದ್ದರೆ 16 ಇಂಚು. ಎತ್ತರವನ್ನಷ್ಟೇ ನೋಡಿದರೆ ಸಾಲದು ಎನ್ನುವುದು ಇದಕ್ಕೇ. ಆದರೂ ಅಂದಾಜಿಗೆ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ:

150–160 ಸೆಂ.ಮೀ. ಎತ್ತರದವರಿಗೆ: 14–15 ಇಂಚು
160–170 ಸೆಂ.ಮೀ.: 16–17 ಇಂಚು
170–180 ಸೆಂ.ಮೀ.: 18–19 ಇಂಚು
180–190 ಸೆಂ.ಮೀ.: 20–21 ಇಂಚು

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

1. ಬಾರಿನ ಎರಡೂ ಕಡೆ ಕಾಲಿಟ್ಟು, ಪಾದ ಪೂರ್ತಿ ನೆಲಕ್ಕೆ ಊರಿ ನಿಂತಾಗ, ಬಾರಿಗೂ ದೇಹಕ್ಕೂ ನಡುವೆ ಕನಿಷ್ಠ 2 ಅಂಗುಲ ತೆರಪಿರಬೇಕು. ಇಳಿಜಾರಿನಲ್ಲಿ ತಟ್ಟನೆ ಕಾಲೂರಿದಾಗ ನೆಲ ಒಂದು ಕಡೆ ತಗ್ಗಾಗಿರುತ್ತದೆ. ತೆರಪಿಲ್ಲದಿದ್ದರೆ ಬಾರು ಮರ್ಮಸ್ಥಾನಕ್ಕೆ ಹೊಡೆಯುತ್ತದೆ.

2. ಸೀಟಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಕೈ ಸೆಟೆದು ನಿಂತರೆ ಫ್ರೇಮು ಉದ್ದವಾಯಿತು. ಕತ್ತು, ಮಣಿಕಟ್ಟು ನೋಯುತ್ತದೆ. ತಿರುವಿನಲ್ಲಿ ಮಂಡಿ ಹ್ಯಾಂಡಲಿಗೆ ತಾಗಿದರೆ ಗಿಡ್ಡವಾಯಿತು.

3. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಮಡಚಿರುತ್ತದೆ. ಈ ಎತ್ತರಕ್ಕೆ ಸೀಟನ್ನು ಏರಿಸಿದಾಗ ಸೀಟಿನ ಕಂಬದ ಮೇಲಿನ ಎಚ್ಚರಿಕೆಯ ಗೆರೆ ಹೊರಗೆ ಕಾಣಬಾರದು. ಕಂಡರೆ ಫ್ರೇಮು ಚಿಕ್ಕದು; ಕಂಬ ಮುರಿಯುವ ಅಪಾಯವೂ ಉಂಟು. ಸೀಟು ತೀರ ತಗ್ಗಾದರೆ ಮಂಡಿಯ ಮುಂಭಾಗ, ತೀರ ಎತ್ತರವಾದರೆ ಮಂಡಿಯ ಹಿಂಭಾಗ ನೋಯುತ್ತದೆ.

"ದೊಡ್ಡದೇ ಇರಲಿ ಸ್ವಾಮಿ, ಬೆಳೆಯುವ ಹುಡುಗ, ಸೀಟು ಇಳಿಸಿ ಕೊಡ್ತೀನಿ" ಎಂಬ ಮಾತಿಗೆ ಒಪ್ಪಬಾರದು. ಸೀಟು ಇಳಿಸಿದರೆ ಸೀಟು ಇಳಿಯುತ್ತದೆ, ಬಾರು ಇಳಿಯುವುದಿಲ್ಲ. ಹ್ಯಾಂಡಲ್ ಹತ್ತಿರ ಬರುವುದಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ ಅಪ್ಪನ ಸೈಕಲ್ಲಿನಲ್ಲಿ ಕಲಿತ ನಮ್ಮ ತಲೆಮಾರಿಗೆ ದೊಡ್ಡ ಸೈಕಲ್ಲೇ ಮೇಲು ಎಂಬ ಭಾವನೆ ಉಳಿದಿದೆ. ಅಂದು ಬೇರೆ ದಾರಿ ಇರಲಿಲ್ಲ, ಇಂದು ಇದೆ.

ಎರಡು ಅಳತೆಯ ನಡುವೆ ಬಿದ್ದರೆ

ಲೆಕ್ಕ ಹದಿನೇಳೂವರೆ ಬಂದರೆ ದಾರಿ ನೋಡಿ ತೀರ್ಮಾನಿಸಬೇಕು. ಬಂಗಾರಪೇಟೆ–ಕೆ.ಜಿ.ಎಫ್. ಡಾಂಬರು ರಸ್ತೆಯಲ್ಲಷ್ಟೇ ಓಡಿಸುವುದಾದರೆ 18 ನಡೆದೀತು. ರಜೆಯಲ್ಲಿ ಊರಿಗೆ ತಂದು ತೋಟದ ಏರುತಗ್ಗಿನಲ್ಲಿ ಓಡಿಸುವುದೂ ಇದ್ದರೆ 17 ಲೇಸು. ಚಿಕ್ಕ ಫ್ರೇಮು ಕಲ್ಲುದಾರಿಯಲ್ಲಿ ಮಾತು ಕೇಳುತ್ತದೆ, ಇಳಿಯುವುದೂ ಸುಲಭ.

ಕೆ.ಜಿ.ಎಫ್.ನಲ್ಲಿ ಮಕ್ಕಳಿರುವವರಿಗೆ ಇನ್ನೊಂದು ಮಾತು. ಅಲ್ಲಿನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ತೆಗೆದ ಮೇಲೆ ಉಳಿದ ನುಣುಪು ಪುಡಿಯ ಸೈನೈಡ್ ದಿಬ್ಬಗಳು ಹಾಗೇ ಉಳಿದಿವೆ. ದಪ್ಪ ಟೈರಿನ ಸೈಕಲ್ಲು ಕೈಗೆ ಬಂದ ಹುಡುಗರಿಗೆ ಅವನ್ನು ಹತ್ತುವ ಆಸೆ ಹುಟ್ಟುವುದು ಸಹಜ. ಗಾಳಿಗೆ ಏಳುವ ಆ ಧೂಳು ಶ್ವಾಸಕೋಶಕ್ಕೆ ಕೇಡು. ಅತ್ತ ಹೋಗದಂತೆ ತಿಳಿಹೇಳುವುದು ಹಿರಿಯರ ಕರ್ತವ್ಯ.

ಒಟ್ಟಿನಲ್ಲಿ, ಒಳಗಾಲಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಓಡಿಸುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಮೂರು ಪರೀಕ್ಷೆಯೂ ಆಗುವವರೆಗೆ ಹಣ ಕೊಡಬೇಡಿ. ಮರದ ಎತ್ತರ ನೋಡಿ ದೋಟಿ ಆರಿಸುವ ನಮಗೆ ಇದೇನೂ ಕಷ್ಟವಲ್ಲ.